ಮಿಲ್ಲಿನ ಯಜಮಾನರೊಡನೆ ಚೆನ್ನೈಯಲ್ಲಿ

ನಮ್ಮ ಊರಿನಲ್ಲಿ ಅಯ್ಯನವರ, ಅಂದರೆ ಪಾದ್ರಿಯ, ಮನೆಗೆ ಬಾಗಿಲಿದೆ, ಬಾಗಿಲಿಗೆ ಅಗುಳಿಯೂ ಇದೆ. ಹಗಲು ಹೊತ್ತು ಅದನ್ನು ಹಾಕುವ ರೂಢಿ ಮಾತ್ರ ಇಲ್ಲ. ದೀಕ್ಷಾಸ್ನಾನದ ಸರ್ಟಿಫಿಕೇಟು ಬೇಕಾದವರು, ಮಗಳಿಗೆ ಹಾಸ್ಟೆಲ್ ಸೀಟು ಕೊಡಿಸಿ ಎನ್ನುವವರು, ಗಂಡನ ಮೇಲೆ ದೂರು ತಂದವರು, ಗಿಡದಲ್ಲಿ ಬಿಟ್ಟ ಮೊದಲ ನುಗ್ಗೇಕಾಯಿ ಕೊಡಲು ಬಂದವರು, ಎಲ್ಲರೂ ನೇರವಾಗಿ ಅಡುಗೆಮನೆಯವರೆಗೂ ಬರುತ್ತಾರೆ. ಚಾಮರಾಜನಗರ ಜಿಲ್ಲೆಯ ಆ ಸಣ್ಣ ಊರಿಗೆ ಸಭಾಪಾಲಕನಾಗಿ ಬಂದ ಹೊಸದರಲ್ಲಿ ಇದೆಲ್ಲ ನನಗೆ ಹಿತವಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಹಣ್ಣಿನ ಗಾಡಿಯವನಿಂದ ಹಿಡಿದು ಕಂಡಕ್ಟರನವರೆಗೆ ಎಲ್ಲರೂ ಗುರುತು ಹಿಡಿಯುತ್ತಿದ್ದರು. ಒಂದೆರಡು ವರ್ಷ ಕಳೆದ ಮೇಲೆ ಅದೇ ಹಿತ ಭಾರವಾಗತೊಡಗಿತು. ನಾನು ಯಾವ ಅಂಗಡಿಯಲ್ಲಿ ಅಂಗಿ ಬಟ್ಟೆ ಕೊಂಡೆ, ನನ್ನ ಮಗಳು ಲೆಕ್ಕದಲ್ಲಿ ಯಾಕೆ ಹಿಂದೆ ಬಿದ್ದಳು, ನನ್ನ ಹೆಂಡತಿ ಯಾಕೆ ಇದ್ದಕ್ಕಿದ್ದಂತೆ ತವರಿಗೆ ಹೋದಳು ಎಂಬುದೆಲ್ಲ ಭಾನುವಾರದ ಆರಾಧನೆಗೆ ಮೊದಲೇ ಸಭೆಗೆ ತಿಳಿದಿರುತ್ತಿತ್ತು. ಒಂದು ಮನೆಯಲ್ಲಿ ಎರಡು ಸಲ ಊಟ ಮಾಡಿದರೆ ಇನ್ನೊಂದು ಮನೆಯವರು ಮುಖ ಗಂಟು ಹಾಕುತ್ತಿದ್ದರು. ಆದ್ದರಿಂದ ನನಗೆ ಅಲ್ಲಿ ಎಲ್ಲರೂ ಇದ್ದರು, ಸ್ನೇಹಿತರು ಅಂತ ಒಬ್ಬರೂ ಇರಲಿಲ್ಲ.

ಇನ್ನೊಂದು ಕಷ್ಟವಿದೆ. ಜಗಳವಾಡಿದವರ ಜೊತೆ ಮಾತು ಬಿಡುವ ಸ್ವಾತಂತ್ರ್ಯ ಊರಿನ ಎಲ್ಲರಿಗೂ ಇರುತ್ತದೆ, ಪಾದ್ರಿಗೆ ಇರುವುದಿಲ್ಲ. ಶನಿವಾರ ಕಮಿಟಿಯಲ್ಲಿ ಮೇಜು ಕುಟ್ಟಿ ಬೈದವರ ಕೈಗೇ ಭಾನುವಾರ ಕರ್ತನ ಭೋಜನದ ರೊಟ್ಟಿ ಕೊಡಬೇಕು.

ನನ್ನ ಪಾಲಿಗೆ ಹಾಗೆ ಮೇಜು ಕುಟ್ಟಿದವರು ಮಿಲ್ಲಿನ ಯಜಮಾನರು. ಊರಿನ ಹಿಟ್ಟಿನ ಗಿರಣಿ ಅವರದು. ಎಪ್ಪತ್ತರ ಆಸುಪಾಸಿನ ವಯಸ್ಸು, ಎತ್ತರದ ಆಳು, ಯಾವಾಗಲೂ ಬಿಳಿ ಅಂಗಿ, ಬಿಳಿ ಪಂಚೆ. ಸಭೆಯ ಕಮಿಟಿಯಲ್ಲಿ ಅವರಷ್ಟು ಹಳಬರು ಯಾರೂ ಇರಲಿಲ್ಲ. ಹೆಂಡತಿ ತೀರಿಹೋದ ಮೇಲೆ ಗಿರಣಿ ಮತ್ತು ಸಭೆ, ಇವೆರಡೇ ಅವರ ಪ್ರಪಂಚ. ಮೊದಮೊದಲು ನಮ್ಮಿಬ್ಬರ ನಡುವೆ ಏನೂ ಇರಲಿಲ್ಲ. ಎಲ್ಲ ಶುರುವಾಗಿದ್ದು ಸೈಕಲ್ ಅಂಗಡಿಯವನ ಸಾವಿನಿಂದ.

ಆ ಸೈಕಲ್ ಅಂಗಡಿಯವನು ನಮ್ಮ ಸಭೆಯಲ್ಲೇ ಹುಟ್ಟಿ ಬೆಳೆದವನು. ಬೇರೆ ಜಾತಿಯ, ಹಿಂದೂ ಹುಡುಗಿಯನ್ನು ಮದುವೆಯಾದ ಮೇಲೆ ನಮ್ಮ ದೇವಾಲಯದ ಕಡೆ ತಲೆ ಹಾಕಿರಲಿಲ್ಲ. ಮಳೆಗಾಲದ ಒಂದು ದಿನ ಅವನು ಅಂಗಡಿಯಲ್ಲೇ ಕುಸಿದು ತೀರಿಕೊಂಡ. ಅವನ ಹೆಂಡತಿ ನಮ್ಮ ಮನೆಗೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ಅವಳ ಕಡೆಯವರು ತಮ್ಮ ಸ್ಮಶಾನದಲ್ಲಿ ಅವನಿಗೆ ಜಾಗ ಕೊಡುವುದಿಲ್ಲ ಎಂದಿದ್ದರು. "ಅವ್ರು ಹುಟ್ಟಿದ್ದು ನಿಮ್ಮಲ್ಲೇ ಅಲ್ವಾ ಸ್ವಾಮಿ" ಎಂದಷ್ಟೇ ಅವಳು ಹೇಳಿದಳು. ನಾನು ಆಗಲಿ ಎಂದೆ. ಸಭೆಯ ಸಮಾಧಿ ಭೂಮಿಯ ತಗ್ಗಿನ ಭಾಗದಲ್ಲಿ ಮಳೆನೀರು ನಿಂತಿತ್ತು. ಎತ್ತರದಲ್ಲಿ, ಹೊಂಗೆ ಮರದ ಪಕ್ಕ ಒಣಗಿದ ಜಾಗ ಕಂಡಿತು. ಗುಂಡಿ ತೋಡುವವನು "ಇಲ್ಲೇ ತೋಡ್ಲಾ?" ಎಂದಾಗ ಹೂಂ ಎಂದೆ. ಯಜಮಾನರು ಅಂದು ಮಗಳ ಮನೆಗೆ ಮಂಡ್ಯಕ್ಕೆ ಹೋಗಿದ್ದರು.

ಅವರು ಬಂದ ಮೇಲೆ ಕಮಿಟಿ ಕೂಡಿತು. "ಬದುಕಿದ್ದಾಗ ಒಂದು ದಿನ ದೇವಾಲಯಕ್ಕೆ ಬರದೋನಿಗೆ ಸತ್ತ ಮೇಲೆ ಜಾಗ ಹೆಂಗ್ ಕೊಟ್ರಿ? ಸಭೆಗೆ ಒಂದು ರೂಲು ಅನ್ನೋದು ಅದೆಯೋ ಇಲ್ವೋ?" ಎಂದು ಮೇಜು ಕುಟ್ಟಿದರು. ಸತ್ತವನಿಗೂ ಅವನ ಹೆಂಡತಿಗೂ ಹೋಗಲು ಬೇರೆ ಜಾಗವಿರಲಿಲ್ಲ ಎಂದು ನಾನು ಹೇಳಿದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಮುಂದೆ ನನ್ನನ್ನು ವರ್ಗ ಮಾಡಿ ಎಂದು ಮೇಲಿನವರಿಗೆ ದೂರು ಕೊಟ್ಟರು. ನಾನು ಎದುರು ಬಂದರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಒಬ್ಬ ಹೆಣ್ಣುಮಗಳ ದುಃಖಕ್ಕಿಂತ ರೂಲು ದೊಡ್ಡದಾಯಿತಲ್ಲ ಎಂದು ನಾನೂ ಒಳಗೊಳಗೇ ಕುದಿಯುತ್ತಿದ್ದೆ.

ಹೀಗಿರುವಾಗ ಯಜಮಾನರಿಗೆ ಗಿರಣಿಯಲ್ಲಿ ಎದೆ ಹಿಡಿದುಕೊಂಡಿತು. ಮೈಸೂರಿನ ಡಾಕ್ಟರು ನೋಡಿ, ಬೈಪಾಸ್ ಆಗಲೇಬೇಕು, ವಯಸ್ಸಾಗಿದೆ, ಸಕ್ಕರೆ ಕಾಯಿಲೆಯೂ ಇದೆ, ಚೆನ್ನೈಯಲ್ಲಿ ತಮ್ಮ ಗುರುಗಳಿದ್ದಾರೆ, ಅವರ ಹತ್ತಿರ ಹೋಗಿ ಎಂದರು. ಯಜಮಾನರ ಮಗ ಮಸ್ಕತ್ತಿನಲ್ಲಿ. ಅವನಿಗೆ ರಜೆ ಸಿಗಲಿಲ್ಲ. ಮಗಳು ಹಸಿ ಬಾಣಂತಿ. ಅವಳು ಮಂಡ್ಯದಿಂದ ನನ್ನ ಹೆಂಡತಿಗೆ ಫೋನ್ ಮಾಡಿ ಅತ್ತಳು.

ಫೋನ್ ಇಟ್ಟು ಬಂದ ನನ್ನ ಹೆಂಡತಿ, "ನೀವು ಹೋಗ್ಬೇಕಾಗುತ್ತೆ" ಎಂದಳು.

"ನನ್ನ ಜೊತೆ ಅವರು ಬರ್ತಾರಾ?"

"ಬರೋದು ಬಿಡೋದು ಅವರಿಗೆ ಸೇರಿದ್ದು. ಹೋಗೋದು ನಿಮ್ಮ ಕೆಲಸ ಅಲ್ವಾ?"

ಅವರ ಮನೆಗೆ ಹೋಗಿ ಹೇಳಿದಾಗ ಅವರು ಗೋಡೆ ನೋಡಿಕೊಂಡು, "ಯಾರೂ ಬ್ಯಾಡ. ಒಬ್ನೇ ಹೋಯ್ತೀನಿ. ಮದ್ರಾಸು ನಂಗೇನು ಹೊಸದಲ್ಲ" ಎಂದರು. ಮಿಲ್ಲಿನ ಮೋಟಾರು ತರಲು ಅವರು ವಯಸ್ಸಿನಲ್ಲಿದ್ದಾಗ ಒಂದು ಸಲ ಅಲ್ಲಿಗೆ ಹೋಗಿದ್ದರಂತೆ. ಆದರೆ ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಅವರ ಚೀಲ ಎತ್ತಿಕೊಂಡಾಗ ಬೇಡ ಎನ್ನಲಿಲ್ಲ. ಚೀಲ ಎತ್ತುವಷ್ಟು ಉಸಿರು ಅವರಲ್ಲಿ ಇರಲಿಲ್ಲ.

ಚೆನ್ನೈಯಲ್ಲಿ ನಾವು ಇಳಿದುಕೊಂಡದ್ದು ಪ್ಯಾರೀಸ್ ಕಾರ್ನರ್ ಹತ್ತಿರದ ಒಂದು ತಮಿಳು ಕ್ರೈಸ್ತ ದೇವಾಲಯದ ಕಾಂಪೌಂಡಿನಲ್ಲಿ. ಪರ ಊರಿನಿಂದ ಆಸ್ಪತ್ರೆಗೆ ಬರುವವರಿಗಾಗಿ ಅವರು ಹಿಂಬದಿಯಲ್ಲಿ ಎರಡು ಕೋಣೆ ಇಟ್ಟಿದ್ದರು. ಹೊರಗೆ ಇಡೀ ದಿನ ಗದ್ದಲ. ಕೈಗಾಡಿಗಳು, ಕಾಗದದ ಬಂಡಲು ಹೊತ್ತ ಮೂರು ಚಕ್ರದ ಸೈಕಲ್ಲುಗಳು, ದಾರಿ ಬಿಡಿ ಎಂದು ಕೂಗುವ ಕೂಲಿಗಳು. ಕಾಂಪೌಂಡಿನ ಒಳಗೆ ಬಂದರೆ ಒಂದು ಬಾದಾಮಿ ಮರ, ಅದರ ಕೆಳಗೆ ಕಲ್ಲಿನ ಬೆಂಚು. ಆಸ್ಪತ್ರೆಗೆ ಆಟೋದಲ್ಲಿ ಹೋಗಬೇಕಿತ್ತು.

ಆಸ್ಪತ್ರೆಯವರು ಎಲ್ಲ ಪರೀಕ್ಷೆ ಮಾಡಿ, ಸಕ್ಕರೆ ಹತೋಟಿಗೆ ಬರದೆ ಆಪರೇಷನ್ ಮಾಡುವುದಿಲ್ಲ, ಕಾಯಬೇಕು ಎಂದರು. ನಾಲ್ಕು ದಿನಕ್ಕೆ ಮುಗಿಯುತ್ತದೆ ಅಂದುಕೊಂಡು ಬಂದಿದ್ದವರು ವಾರಗಟ್ಟಲೆ ಒಂದೇ ಕೋಣೆಯಲ್ಲಿ ಇರಬೇಕಾಯಿತು. ಮೊದಲ ಎರಡು ಮೂರು ದಿನ ನಮ್ಮ ನಡುವೆ ನಡೆದ ಮಾತೆಂದರೆ "ಮಾತ್ರೆ ತಗೊಂಡ್ರಾ?" "ತಗೊಂಡೆ" ಅಷ್ಟೇ. ಊರಿನಲ್ಲಾದರೆ ಅವರಿಗೆ ರಸ್ತೆಯ ಆಚೆ ಬದಿ ಇತ್ತು. ಇಲ್ಲಿ ಎರಡು ಮಂಚದ ನಡುವೆ ಒಂದು ಸ್ಟೂಲು ಮಾತ್ರ.

ಮೌನ ಒಡೆದದ್ದು ರಾಗಿಹಿಟ್ಟಿನಿಂದ. ಹೋಟೆಲಿನ ಇಡ್ಲಿ, ಅನ್ನ ಅವರ ಸಕ್ಕರೆಗೆ ಆಗುತ್ತಿರಲಿಲ್ಲ. ನಾನು ಕಾವಲುಗಾರನ ಅಪ್ಪಣೆ ಪಡೆದು ಒಂದು ಕರೆಂಟ್ ಒಲೆ ತಂದೆ. ಅಂಗಡಿಗೆ ಹೋಗಿ ರಾಗಿಹಿಟ್ಟು ಕೇಳಿದರೆ ಅಂಗಡಿಯವನು, "ಕೇಳ್ವರಗು ಮಾವಾ?" ಎಂದು ಪೊಟ್ಟಣ ತೋರಿಸಿದ. ಅದನ್ನು ತಂದು ನೀರು ಕುದಿಯಲಿಟ್ಟೆ. ಯಜಮಾನರು ಮಂಚದಿಂದಲೇ ನೋಡುತ್ತಿದ್ದರು. ನಾನು ಹಿಟ್ಟು ಸುರಿಯುತ್ತಿದ್ದ ಹಾಗೇ ಅವರಿಗೆ ತಡೆಯಲಾಗಲಿಲ್ಲ.

"ಅಯ್ನೋರೆ, ಹಂಗೆಲ್ಲ ಒಂದೇ ಸಲಕ್ಕೆ ಸುರೀತಾರಾ? ಗಂಟಾಯ್ತದೆ. ಬುಡಿ ಇತ್ತಾಗೆ."

"ನೀವು ಏಳಬಾರದು ಅಂದಿದ್ದಾರೆ ಡಾಕ್ಟರು."

"ಏಳಲ್ಲ. ಒಲೆನೇ ಈ ಸ್ಟೂಲ್ ಮ್ಯಾಲೆ ಇಡಿ."

ಮಂಚದ ಮೇಲೆ ಕೂತೇ ಅವರು ಮುದ್ದೆ ಕೂಡಿಸಿದರು. ತಿರುವುವ ಕೆಲಸ ಮಾತ್ರ ನನ್ನದು. ಅಂದಿನಿಂದ ಅಡುಗೆ ನಮ್ಮಿಬ್ಬರದೂ ಆಯಿತು. ಕೆಲಸ ಮಾಡುವಾಗ ಮಾತು ತಾನಾಗಿ ಬರುತ್ತದೆ. ಹೆಂಡತಿ ಸೊಪ್ಪಿನ ಸಾರಿಗೆ ಏನು ಹಾಕುತ್ತಿದ್ದರು, ಮಗ ಚಿಕ್ಕಂದಿನಲ್ಲಿ ಗಿರಣಿಯ ಹಿಟ್ಟಿನಲ್ಲಿ ಹೊರಳಾಡಿ ದೆವ್ವದ ಹಾಗೆ ಮನೆಗೆ ಬಂದದ್ದು, ಇಂಥವು. ಸಭೆಯ ಮಾತು, ಕಮಿಟಿಯ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.

ನಮ್ಮನ್ನು ನೋಡಿಕೊಳ್ಳಲು ಅಡ್ಯಾರಿನಿಂದ ಒಬ್ಬ ಅಮ್ಮ ಬರುತ್ತಿದ್ದರು. ಬ್ಯಾಂಕಿನಲ್ಲಿ ಅಧಿಕಾರಿಯಾಗಿ ನಿವೃತ್ತರಾದವರು. ತಂದೆಯ ಕಾಲದಲ್ಲೇ ಮೈಸೂರಿನಿಂದ ಬಂದ ಕುಟುಂಬ, ತಂದೆ ರೈಲ್ವೆಯಲ್ಲಿದ್ದರಂತೆ. ಚೆನ್ನೈಯಲ್ಲಿ ಕನ್ನಡ ಕ್ರೈಸ್ತ ಕುಟುಂಬಗಳದ್ದೊಂದು ಚಿಕ್ಕ ಕೂಟವಿತ್ತು, ಅಡ್ಯಾರಿನಲ್ಲಿ ಒಂದು ದೇವಾಲಯದ ಹಾಲಿನಲ್ಲಿ ಭಾನುವಾರ ಸಂಜೆ ಸೇರುತ್ತಿದ್ದರು. ಆ ಕೂಟಕ್ಕೆ ಈ ಅಮ್ಮನೇ ಮುಂದಾಳು. ಮೊದಲ ದಿನ ಒಂದು ಟಿಫನ್ ಕ್ಯಾರಿಯರ್ ತುಂಬ ಊಟ ತಂದು, "ಪರವಾಯಿಲ್ಲ ಪಾಸ್ಟರ್, ನೀವೇನೂ ಯೋಚನೆ ಮಾಡಬೇಡಿ, ನಾವೆಲ್ಲ ಇದೀವಿ ಇಲ್ಲಿ. ಏನ್ ವೇಣುಮೋ ಕೇಳಿ" ಎಂದರು. ಕನ್ನಡದಲ್ಲಿ ಶುರುವಾದ ಅವರ ಮಾತು ತಮಿಳಿನ ಬೀದಿಯಲ್ಲಿ ಒಂದು ಸುತ್ತು ಹಾಕಿ ಮತ್ತೆ ಕನ್ನಡಕ್ಕೆ ಬರುತ್ತಿತ್ತು. ಜೊತೆಗೆ ಬಂದಿದ್ದ ಮೊಮ್ಮಗಳನ್ನು ಯಜಮಾನರು "ಏನವ್ವಾ, ಏನ್ ಓದ್ತಿದ್ದೀಯೆ?" ಎಂದು ಕೇಳಿದರು. ಆ ಹುಡುಗಿಗೆ ಅರ್ಥವಾಯಿತು. "ಕಾಲೇಜ್, ಸೆಕೆಂಡ್ ಇಯರ್, ತಾತಾ" ಎಂದು ನಗುತ್ತಾ ಹೇಳಿ ಮುಂದಿನದನ್ನೆಲ್ಲ ತಮಿಳಿನಲ್ಲಿ ಹೇಳಿದಳು. ಯಜಮಾನರು ಎಲ್ಲಕ್ಕೂ ತಲೆಯಾಡಿಸಿದರು.

ಒಂದು ಭಾನುವಾರ ಪ್ರಸಂಗ ಮಾಡಲು ನನ್ನನ್ನು ಕರೆದರು. ಅಮ್ಮ ಕಾರು ಕಳಿಸಿದ್ದರು. ಯಜಮಾನರು ನಾನೂ ಬರುತ್ತೇನೆ ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಯಾರಾದರು. ಅಲ್ಲಿ ಬಂದಿದ್ದವರಲ್ಲಿ ಬ್ಯಾಂಕಿನವರು, ಇನ್ಶೂರೆನ್ಸ್ ಕಂಪನಿಯವರು, ರೈಲ್ವೆಯಿಂದ ನಿವೃತ್ತರಾದವರು. ಮಾಧವರಂನಿಂದ ಎರಡು ಬಸ್ಸು ಬದಲಾಯಿಸಿ ಬಂದ ವಯಸ್ಸಾದ ದಂಪತಿಗಳೂ ಇದ್ದರು. ಹಾಡು ಹಳೆಯ ರಾಗದಲ್ಲಿ, ನಿಧಾನವಾಗಿ, ಒಬ್ಬೊಬ್ಬರದು ಒಂದೊಂದು ಊರಿನ ಉಚ್ಚಾರದಲ್ಲಿ. ನನ್ನ ಪ್ರಸಂಗವನ್ನು ಜನ ಕಿವಿಗೊಟ್ಟು ಕೇಳಿದರು. ಯಾರೂ ಗಡಿಯಾರ ನೋಡಲಿಲ್ಲ, ಯಾರ ಮಗುವೂ ನಡುವೆ ಎದ್ದು ನನ್ನ ಹತ್ತಿರ ಓಡಿಬರಲಿಲ್ಲ. ಬಹಳ ದಿನಗಳ ಮೇಲೆ ನಾನು ಅಂದುಕೊಂಡದ್ದನ್ನೆಲ್ಲ ಹೇಳಿ ಮುಗಿಸಿದೆ.

ಆರಾಧನೆಯಾದ ಮೇಲೆ ಕಾಫಿ ಕುಡಿಯುತ್ತಾ ಅಮ್ಮ ಎಲ್ಲರ ಎದುರಿಗೇ ಕೇಳಿಬಿಟ್ಟರು. "ಪಾಸ್ಟರ್, ನಮಗೆ ಒಬ್ಬರು ಖಾಯಂ ಪಾಸ್ಟರ್ ಬೇಕು. ತಿಂಗಳಿಗೊಬ್ಬರು ಬಂದು ಹೋಗೋದು ಸಾಕಾಗಿದೆ. ನೀವು ಬನ್ನಿ. ಮೇಲಿನವರ ಹತ್ತಿರ ನಾವೇ ಮಾತಾಡ್ತೀವಿ. ಮನೆ ಕೊಡ್ತೀವಿ, ಮಗಳಿಗೆ ಒಳ್ಳೆ ಸ್ಕೂಲ್ ಇದೆ. ಭಾನುವಾರ ಒಂದು ದಿನ ಆರಾಧನೆ, ವಾರದಲ್ಲಿ ಒಂದು ಪ್ರಾರ್ಥನೆ ಕೂಟ, ಅವ್ವಳವುದಾನ್, ಅಷ್ಟೇ. ಇಲ್ಲಿ ಯಾರೂ ನಿಮಗೆ ತೊಂದರೆ ಕೊಡಲ್ಲ."

ಯಾರೂ ತೊಂದರೆ ಕೊಡಲ್ಲ. ಆ ಮಾತು ನನ್ನ ಕಿವಿಯಲ್ಲಿ ಎಷ್ಟು ಸಿಹಿಯಾಗಿ ಕೇಳಿಸಿತೆಂದು ಈಗ ಹೇಳಲು ಸಂಕೋಚವಾಗುತ್ತದೆ. ಬಾಗಿಲಿಗೆ ಅಗುಳಿ ಹಾಕಿ ಮಧ್ಯಾಹ್ನ ಒಂದು ಪುಸ್ತಕ ಓದಬಹುದು. ಕಮಿಟಿಯಲ್ಲಿ ಮೇಜು ಕುಟ್ಟುವವರು ಇರುವುದಿಲ್ಲ. ನಾನು ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಯಜಮಾನರು ಕಾಫಿ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದರು. ನನ್ನ ವರ್ಗಕ್ಕಾಗಿ ದೂರು ಕೊಟ್ಟವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ ಎಂದು ನಾನು ಅಂದುಕೊಂಡೆ.

ಹೆಂಡತಿಗೆ ಫೋನ್ ಮಾಡಿದೆ. ಅವಳ ದನಿ ಒಮ್ಮೆಲೇ ಹಗುರಾಯಿತು. "ನಿಜವಾಗ್ಲೂ ಕೇಳಿದ್ರಾ? ಮನೆ ಹೇಗಿದೆಯಂತೆ?" ಎಂದಳು. ಊರಿನಲ್ಲಿ ಅವಳು ಎಲ್ಲರಿಗೂ ಅಮ್ಮನವರು. ಹೆಂಗಸರ ಕೂಟ ನಡೆಸುವುದು, ಬಾಣಂತಿಯರನ್ನು ನೋಡುವುದು, ಬಂದವರಿಗೆಲ್ಲ ಕಾಫಿ ಕಾಯಿಸುವುದು, ಇದ್ಯಾವುದಕ್ಕೂ ಅವಳನ್ನು ಯಾರೂ ನೇಮಿಸಿರಲಿಲ್ಲ, ಯಾರೂ ಬಿಡುತ್ತಲೂ ಇರಲಿಲ್ಲ. ನಾನು ದಣಿದಿದ್ದೆ ನಿಜ, ಅವಳು ನನಗಿಂತ ಹೆಚ್ಚು ದಣಿದಿದ್ದಳು.

ಯಜಮಾನರು ಮರುದಿನವೂ ಆ ವಿಷಯ ಎತ್ತಲಿಲ್ಲ. ಅದರ ಮಾರನೆಯ ದಿನ ಆಸ್ಪತ್ರೆಯವರು ಸಕ್ಕರೆ ಇಳಿದಿದೆ, ನಾಡಿದ್ದು ಆಪರೇಷನ್, ನಾಳೆ ಬಂದು ಸೇರಿ ಎಂದರು. ವಾಪಸು ಬಂದು, ಊಟ ಮುಗಿಸಿ, ಬಾದಾಮಿ ಮರದ ಕೆಳಗಿನ ಬೆಂಚಿನಲ್ಲಿ ಕೂತೆವು. ಯಜಮಾನರು ಪಂಚೆಯ ಅಂಚನ್ನು ಬೆರಳಲ್ಲಿ ಸುತ್ತುತ್ತಾ ಇದ್ದವರು ಇದ್ದಕ್ಕಿದ್ದಂತೆ ಹೇಳಿದರು.

"ಇಲ್ಲಿಗೆ ಬಂದ್ರೆ ಮಣ್ಣು ಮಾಡಾಕೂ ಜಾಗ ಸಿಗಲ್ಲ ಅಯ್ನೋರೆ. ವಾಚ್‌ಮನ್ನು ಕೈಸನ್ನೇಲಿ ಹೇಳ್ತಿದ್ದ. ಒಂದು ಗುಂಡಿ ಮ್ಯಾಲೆ ಇನ್ನೊಂದು ಅಂತೆ ಇಲ್ಲಿ."

ನಾನು ನಕ್ಕೆ. "ನಾನು ಈಗಲೇ ಸಾಯೋಕೆ ಹೊರಟಿಲ್ಲ ಯಜಮಾನ್ರೆ."

"ನೀವಲ್ಲ. ನಾನು." ಅವರು ನಗಲಿಲ್ಲ. "ನಾಡಿದ್ದು ಏನಾರ ಆದ್ರೆ, ನನ್ನ ಇಲ್ಲಿ ಹೂಳಬ್ಯಾಡಿ. ಎಷ್ಟೇ ಕಷ್ಟ ಆಗ್ಲಿ, ಊರಿಗೆ ತಗೊಂಡೋಗಿ."

"ಖಂಡಿತ ತಗೊಂಡು ಹೋಗ್ತೀನಿ. ಆದ್ರೆ ಹಾಗೇನೂ ಆಗಲ್ಲ."

"ತಗೊಂಡೋಗಿ ಎಲ್ಲಿ ಇಡ್ತೀರಿ?"

ಈ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ನಮ್ಮ ಭೂಮಿಯಲ್ಲಿ ಜಾಗಕ್ಕೇನು ಕೊರತೆ ಎಂದೆ. ಗೇಟಿನ ಹೊರಗೆ ಯಾವುದೋ ಲಾರಿ ಹಿಂದಕ್ಕೆ ಹೋಗುತ್ತಿತ್ತು, ಕ್ಲೀನರ್ ಕೂಗುತ್ತಿದ್ದ.

"ಹೊಂಗೆ ಮರದ ಬುಡದಲ್ಲಿ ಸೈಕಲ್ ಅಂಗ್ಡಿಯವನ್ನ ಇಟ್ರಲ್ಲ," ಎಂದರು ಕೊನೆಗೆ, "ಅದರ ಪಕ್ಕದಲ್ಲಿ ಇರೋದು ನನ್ನ ಮನೆಯವಳು."

ಅದು ನನಗೆ ಗೊತ್ತಿತ್ತು. ಅವರ ಹೆಂಡತಿಯ ಸಮಾಧಿಯ ಕಲ್ಲನ್ನು ನಾನು ನೋಡಿದ್ದೆ. ಆದರೆ ಆ ಕ್ಷಣದವರೆಗೆ ಅದರ ಅರ್ಥ ಹೊಳೆದಿರಲಿಲ್ಲ.

"ಅವಳ ಒಂದು ಮಗ್ಗುಲಿಗೆ ಗೋಡೆ. ಇನ್ನೊಂದು ಮಗ್ಗುಲಿಗೆ ಆ ಜಾಗ. ಅವಳು ಹೋದಾಗಲೇ ಅಂದ್ಕೊಂಡಿದ್ದೆ, ಅದು ನಂದು ಅಂತ. ದಿನಾ ಸಂಜೆ ಅಲ್ಲೇ ನಿಂತ್ಕೊಂಡು ಬತ್ತಿದ್ದೆ. ಊರಿಗೆಲ್ಲ ಗೊತ್ತಿತ್ತು."

ಊರಿಗೆಲ್ಲ ಗೊತ್ತಿತ್ತು. ಗುಂಡಿ ತೋಡುವವನಿಗೂ ಗೊತ್ತಿತ್ತೇನೋ. ಅಯ್ಯನವರೇ ಹೂಂ ಅಂದ ಮೇಲೆ ತನಗ್ಯಾಕೆ ಎಂದು ಸುಮ್ಮನಾಗಿರಬೇಕು. ನನ್ನ ಮನೆಯ ಅಡುಗೆಮನೆಯವರೆಗೂ ಬಂದು ಎಲ್ಲರ ಗುಟ್ಟನ್ನೂ ಹೇಳುತ್ತಿದ್ದ ಆ ಊರು, ಇದೊಂದನ್ನು ನನಗೆ ಹೇಳಿರಲಿಲ್ಲ. ಹೊರಗಿನಿಂದ ಬಂದು ಹೋಗುವವನಿಗೆ ಊರು ಹೀಗೇ; ಗದ್ದಲದ್ದೆಲ್ಲ ಕಿವಿಗೆ ಬೀಳುತ್ತದೆ, ಆಳದ್ದು ಬೀಳುವುದಿಲ್ಲ.

"ನೀವು ಅವತ್ತೇ ಯಾಕೆ ಹೇಳಲಿಲ್ಲ ಯಜಮಾನ್ರೆ? ಕಮಿಟಿಯಲ್ಲಿ ಸದಸ್ಯತ್ವ, ರೂಲು ಅಂತೆಲ್ಲ ಮಾತಾಡಿದ್ರಿ. ಇದನ್ನ ಹೇಳಿದ್ರೆ..."

"ಏನಂತ ಹೇಳ್ಲಿ?" ಅವರ ದನಿ ಒರಟಾಯಿತು. "ಸಮಾಧಿ ಭೂಮೀಲಿ ಯಾರೂ ತನಗೆ ಅಂತ ಜಾಗ ಹಿಡಿದಿಡಂಗಿಲ್ಲ, ಬಡವ ಶ್ರೀಮಂತ ಎಲ್ಲಾರಿಗೂ ಒಂದೇ ಅಂತ ರೂಲು ಮಾಡ್ಸಿದೋನು ನಾನೇ. ಮೇಷ್ಟ್ರೊಬ್ರು ಅವರ ಮನೇವ್ರಿಗೆ ಅಂತ ಬೇಲಿ ಹಾಕ್ಸಿದ್ರು, ಅವತ್ತು ನಿಂತು ಕೀಳ್ಸಿದೋನೂ ನಾನೇ. ಈಗ ಯಾವ ಬಾಯಲ್ಲಿ ಕೇಳ್ಲಿ?"

ಇಷ್ಟು ದಿನ ನಾನು ಅವರನ್ನು ಕಲ್ಲು ಮನಸ್ಸಿನ ಮನುಷ್ಯ ಎಂದುಕೊಂಡಿದ್ದೆ. ಆ ಮನುಷ್ಯ ತಮ್ಮ ದುಃಖವನ್ನು ಹೇಳಿಕೊಳ್ಳಲು ದಾರಿಯಿಲ್ಲದೆ ರೂಲಿನ ಮಾತಾಡಿದ್ದರು. ಕ್ಷಮಿಸಿ ಎಂದೆ. ಅದು ತೀರ ಚಿಕ್ಕ ಮಾತೆಂದು ಹೇಳುವಾಗಲೇ ಅನ್ನಿಸಿತು.

"ನಿಮ್ದೇನು ತಪ್ಪಿಲ್ಲ ಬುಡಿ. ಮಳೆ ಬಂದಿತ್ತು," ಎಂದರು. "ಆ ಹೆಂಗಸು ಎಲ್ಲಿಗೆ ಹೋಗಬೇಕಿತ್ತು? ಅದೂ ಗೊತ್ತು ನಂಗೆ. ಗೊತ್ತಿದ್ರೂ ಹೊಟ್ಟೇಲಿ ಉರೀತದೆ."

ಮರುದಿನ ಅವರನ್ನು ಆಸ್ಪತ್ರೆಗೆ ಸೇರಿಸಿದೆ. ರಕ್ತ ಕೊಡುವವರು ಬೇಕೆಂದರು. ನನ್ನದು ಒಂದು, ಉಳಿದದ್ದಕ್ಕೆ ಏನು ಮಾಡುವುದೆಂದು ಅಡ್ಯಾರಿನ ಅಮ್ಮನಿಗೆ ಫೋನ್ ಮಾಡಿದೆ. ಸಂಜೆಯೊಳಗೆ ಆ ಮೊಮ್ಮಗಳೂ ಕೂಟದ ಇನ್ನಷ್ಟು ಹುಡುಗರೂ ಬಂದು ಸಾಲಿನಲ್ಲಿ ನಿಂತರು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಟ್ಟುಕೊಂಡು, ತೋಳಿಗೆ ಹತ್ತಿ ಒತ್ತಿಕೊಂಡು, ಜ್ಯೂಸ್ ಕುಡಿದು, "ತಾತಾಗೆ ಹೇಳಿ, ಒಣ್ಣುಂ ಆಗಾದು" ಎಂದು ಹೋದರು. ಏನೂ ಆಗಲ್ಲ ಎಂದು. ತೊಂದರೆ ಕೊಡದ ಸಭೆ ಎಂದು ನಾನು ಅಂದುಕೊಂಡಿದ್ದ ಜನ ಹೀಗೂ ಇದ್ದರು. ಯಾವ ಸಭೆಯನ್ನೂ ಒಂದು ಭಾನುವಾರದಲ್ಲಿ ಅಳೆಯಬಾರದು ಎಂದು ನನಗೆ ಅನ್ನಿಸಿತು.

ಆಪರೇಷನ್‌ಗೆ ಒಯ್ಯುವ ಮೊದಲು ಯಜಮಾನರು ನನ್ನನ್ನು ಹತ್ತಿರ ಕರೆದರು. ಹಸಿರು ಗೌನು ತೊಡಿಸಿದ್ದರು. ಬಿಳಿ ಪಂಚೆಯಿಲ್ಲದೆ ಅವರು ಬೇರೆ ಯಾರೋ ಅನ್ನುವಂತೆ ಕಾಣುತ್ತಿದ್ದರು.

"ಪ್ರಾರ್ಥನೆ ಮಾಡಿ. ಉದ್ದ ಮಾಡ್ಬ್ಯಾಡಿ, ಇವರು ಕಾಯ್ತವ್ರೆ."

ನಾನು ಅವರ ಕೈ ಹಿಡಿದುಕೊಂಡೆ. ಊರಿನಲ್ಲಿ ಎಷ್ಟೋ ಹಾಸಿಗೆಗಳ ಪಕ್ಕ ನಿಂತು ಪ್ರಾರ್ಥಿಸಿದ್ದೇನೆ, ಬಾಯಿಗೆ ಬರುವ ಮಾತುಗಳು ಇರುತ್ತವೆ. ಅಂದು ಅವು ಯಾವುವೂ ಬರಲಿಲ್ಲ. ಇವರನ್ನು ವಾಪಸು ಕೊಡು ಎಂದಷ್ಟೇ ಕೇಳಿದೆ. ಅವರು ಆಮೆನ್ ಎಂದು ಜೋರಾಗಿ ಹೇಳಿದರು, ನರ್ಸ್ ತಿರುಗಿ ನೋಡುವ ಹಾಗೆ.

ಹೊರಗೆ ಅಮ್ಮ ನನ್ನ ಜೊತೆ ಕೂತರು. ಮಧ್ಯಾಹ್ನದವರೆಗೂ ಕೂತಿದ್ದೆವು. "ನಿಮಗೆ ಅವರು ಸಂಬಂಧವಾ ಪಾಸ್ಟರ್?" ಎಂದು ಕೇಳಿದರು.

"ಇಲ್ಲಮ್ಮ. ನಮ್ಮ ಸಭೆಯವರು. ನನ್ನನ್ನು ವರ್ಗ ಮಾಡಿಸಬೇಕು ಅಂತ ಇದ್ದೋರು."

ಅವರು ತಮಾಷೆ ಎಂದುಕೊಂಡು ನಕ್ಕರು. ನಾನು ಹೂಳುವ ಜಾಗದ ಮಾತೊಂದು ಬಿಟ್ಟು ಉಳಿದದ್ದನ್ನು ಹೇಳಿದೆ. ಕೇಳಿದ ಮೇಲೆ ಅವರು, "ನೀವು ಇಲ್ಲಿಗೆ ಬರಲ್ಲ ಅಂತ ಈಗ ಗೊತ್ತಾಯ್ತು" ಎಂದರು. ನಾನು ಹಾಗೆ ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ. ಆದರೆ ಅವರು ಹೇಳಿದ ಮೇಲೆ ಅಲ್ಲ ಎನ್ನಲೂ ಆಗಲಿಲ್ಲ.

ಡಾಕ್ಟರು ಹೊರಗೆ ಬಂದು ಎಲ್ಲ ಸರಿಯಾಗಿದೆ ಎಂದರು. ಮಸ್ಕತ್ತಿಗೆ, ಮಂಡ್ಯಕ್ಕೆ ಫೋನ್ ಮಾಡಿದೆ. ಮಗ ಫೋನಿನಲ್ಲಿ ಮಾತಾಡಲಾರದೆ ಅಳುತ್ತಿದ್ದ. ಮೂರನೆಯ ದಿನ ಯಜಮಾನರನ್ನು ವಾರ್ಡಿಗೆ ತಂದಾಗ, ಅವರು ಮೊದಲು ಕೇಳಿದ್ದು ಗಿರಣಿಯ ಬೀಗದ ಕೈ ಯಾರ ಹತ್ತಿರ ಇದೆ ಎಂದು.

ನಾನು ಚೆನ್ನೈಗೆ ಹೋಗುವುದಿಲ್ಲ ಎಂದು ಹೆಂಡತಿಗೆ ಹೇಳಿದ್ದು ಊರಿಗೆ ಬಂದ ಮೇಲೆ. ಅವಳು ಕಾರಣ ಕೇಳಿದಳು. ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಈ ಊರು ನನ್ನ ಜೊತೆ ಈಗಷ್ಟೇ ಮಾತಾಡಲು ಶುರು ಮಾಡಿದೆ, ನಡುವೆ ಎದ್ದು ಹೋಗಲಾರೆ ಎಂದೆ. "ನಿಮ್ಮ ಜೊತೆ ಮಾತಾಡುತ್ತೆ ಸರಿ, ಕಾಫಿ ಕಾಯಿಸೋಳು ನಾನು" ಎಂದಳು. ಒಪ್ಪಿದಳು, ಸಂತೋಷದಿಂದಲ್ಲ. ಮಗಳನ್ನು ಮುಂದೆ ಮೈಸೂರಿನ ಹಾಸ್ಟೆಲಿಗೆ ಸೇರಿಸಬೇಕಾಯಿತು. ಅವಳು ಹೋದ ದಿನ ಮನೆ ಎಷ್ಟು ಖಾಲಿಯಾಗಿತ್ತೆಂದರೆ, ನನ್ನ ತೀರ್ಮಾನ ಸರಿಯೇ ಎಂದು ನನಗೇ ಅನುಮಾನ ಬಂತು. ಇಂಥ ಕೆಲಸದಲ್ಲಿ ಕೊಡುವುದು ನಾನೊಬ್ಬನೇ ಅಲ್ಲ, ಮನೆಯವರೂ ಕೊಡುತ್ತಾರೆ, ಅವರನ್ನು ಯಾರೂ ಕೇಳಿರುವುದಿಲ್ಲ. ಅಂದಿನಿಂದ ಮಧ್ಯಾಹ್ನ ಊಟದ ಮೇಲೆ ಒಂದಿಷ್ಟು ಹೊತ್ತು ಬಾಗಿಲಿಗೆ ಅಗುಳಿ ಹಾಕುವ ಪದ್ಧತಿ ಶುರು ಮಾಡಿದೆವು. ಮೊದಲು ಊರು ಮುನಿಸಿಕೊಂಡಿತು, ಆಮೇಲೆ ರೂಢಿಯಾಯಿತು.

ಯಜಮಾನರು ಬದಲಾದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಚೇತರಿಸಿಕೊಂಡು ಬಂದ ಮೊದಲ ಕಮಿಟಿಯಲ್ಲೇ, ಆರಾಧನೆಯನ್ನು ಅರ್ಧ ಗಂಟೆ ಬೇಗ ಶುರು ಮಾಡೋಣ ಎಂಬ ನನ್ನ ಸಲಹೆಯನ್ನು ವಿರೋಧಿಸಿದರು. ಗೆದ್ದರೂ ಕೂಡ. ಮೇಜು ಮಾತ್ರ ಕುಟ್ಟಲಿಲ್ಲ. ಎದೆಯ ಹೊಲಿಗೆ ಇನ್ನೂ ನೋಯುತ್ತಿತ್ತು. ಸಮಾಧಿ ಭೂಮಿಯ ಗೋಡೆಯನ್ನು ಸ್ವಲ್ಪ ಆಚೆಗೆ ಸರಿಸಬಹುದೇ ಎಂದು ನಾನು ಪಕ್ಕದ ಹೊಲದವರನ್ನು ಕೇಳಿ ನೋಡಿದೆ, ಅವರು ಒಪ್ಪಲಿಲ್ಲ. ಅದನ್ನು ಯಜಮಾನರಿಗೆ ಹೇಳಿದಾಗ, "ಯಾಕ್ ಕೇಳಾಕೋದ್ರಿ? ಅವಳ ಕಾಲ ದೆಸೇಲಿ ಜಾಗ ಅದೆ. ಅಲ್ಲೇ ಆಯ್ತದೆ, ಆದ್ರೆ" ಎಂದರು. ಆದ್ರೆ ಎನ್ನುವ ಮಾತನ್ನು ಒತ್ತಿ ಹೇಳಿದರು. ರೂಲು ಇನ್ನೂ ಇತ್ತಲ್ಲ, ಜಾಗ ತಮ್ಮದೆಂದು ಹೇಳುವಂತಿರಲಿಲ್ಲ. ಸೈಕಲ್ ಅಂಗಡಿಯವನ ಹೆಂಡತಿ ಈಗ ಅವರ ಗಿರಣಿಯಲ್ಲೇ ರಾಗಿ ಬೀಸಿಸಿಕೊಳ್ಳುತ್ತಾಳೆ. ಅವರಿಬ್ಬರ ನಡುವೆ ಏನು ಮಾತಾಯಿತೋ ನನಗೆ ತಿಳಿಯದು. ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ.

ಅಡ್ಯಾರಿನ ಕೂಟಕ್ಕೆ ಒಬ್ಬ ಯುವ ಪಾಸ್ಟರ್ ಸಿಕ್ಕಿದ್ದಾರೆ. ಕನ್ನಡ ತಮಿಳು ಎರಡರಲ್ಲೂ ಆರಾಧನೆ ನಡೆಸುತ್ತಾರೆ. ಹುಡುಗರು ಹೆಚ್ಚು ಬರುತ್ತಿದ್ದಾರೆಂದು ಅಮ್ಮ ಫೋನಿನಲ್ಲಿ ಹೇಳುತ್ತಾರೆ. ಯಜಮಾನರ ಚೆಕಪ್ಪಿಗೆ ವರ್ಷಕ್ಕೊಮ್ಮೆ ನಾವಿಬ್ಬರೂ ಚೆನ್ನೈಗೆ ಹೋಗುತ್ತೇವೆ. ಈಗ ಅವರು ಒಬ್ಬರೇ ಹೋಗಬಲ್ಲರು, ಹೋಗುವುದಿಲ್ಲ. ನಾನೂ ಯಾಕೆಂದು ಕೇಳುವುದಿಲ್ಲ. ಬರುವ ವರ್ಷ ನನ್ನ ಅವಧಿ ಮುಗಿಯುತ್ತದೆ, ಎಲ್ಲ ಸಭಾಪಾಲಕರಿಗೂ ಆಗುವ ಹಾಗೆ ವರ್ಗವಾಗುತ್ತದೆ. ಈ ಸಲ ಅದನ್ನು ಯಾರೂ ಕೇಳಿಕೊಂಡಿಲ್ಲ.

ಮೊನ್ನೆ ಚೆಕಪ್ ಮುಗಿದು ರೈಲಿಗೆ ಸಮಯವಿತ್ತು. ಯಜಮಾನರು ಸಭೆಯ ಮಕ್ಕಳಿಗೆ ಕ್ರಿಸ್ಮಸ್ಸಿಗೆ ಕಾಗದದ ನಕ್ಷತ್ರ ತೆಗೆದುಕೊಳ್ಳೋಣ ಎಂದು ಪ್ಯಾರೀಸ್ ಕಾರ್ನರಿನ ಗಲ್ಲಿಗೆ ಎಳೆದುಕೊಂಡು ಹೋದರು. ಅಂಗಡಿಯವನಿಗೆ ಕನ್ನಡ ಬಾರದು, ಯಜಮಾನರಿಗೆ ತಮಿಳು ಬಾರದು. ಇಬ್ಬರೂ ತಂತಮ್ಮ ಭಾಷೆಯಲ್ಲಿ ದನಿ ಏರಿಸಿ ವ್ಯಾಪಾರ ಮಾಡಿದರು. ನನಗೆ ಬಿಳಿ ನಕ್ಷತ್ರ ಚೆನ್ನಾಗಿ ಕಂಡಿತು, ಹೇಳಿದೆ.

"ಬಿಳೀದು ಧೂಳು ಹಿಡೀತದೆ ಅಯ್ನೋರೆ. ಕೆಂಪು ಇರ್ಲಿ," ಎಂದರು ಅವರು, ನನ್ನ ಕಡೆ ನೋಡದೆಯೇ.

ಕೆಂಪನ್ನೇ ಕಟ್ಟಿಸಿಕೊಂಡೆವು. ಕಟ್ಟು ಹಗುರವಾಗಿತ್ತು, ಆದರೆ ದೊಡ್ಡದಿತ್ತು. ಕೈಗಾಡಿಗಳ ನಡುವೆ ಅದನ್ನು ಒಂದೊಂದು ಕಡೆ ಹಿಡಿದುಕೊಂಡು, ಎದುರು ಬರುವವರಿಗೆ ದಾರಿ ಬಿಡುತ್ತಾ, ಸ್ಟೇಷನ್ನಿಗೆ ಹೋಗುವ ಆಟೋ ಹುಡುಕಲು ಹೊರಟೆವು.